ಎರಡು ಹೆಸರಿನ ಊರು

ಕವಿಯ ವಿಗ್ರಹವೊಂದನ್ನು ನಡುಚೌಕದಿಂದ ಎತ್ತಿ ಮರೆಗೆ ಸರಿಸಿ, ನಲವತ್ತಾರು ವರ್ಷಗಳ ಮೇಲೆ ಮತ್ತೆ ಅದೇ ಚೌಕಕ್ಕೆ ಕರೆತಂದ ಊರೊಂದನ್ನು ನಾನು ನೋಡಿ ಬಂದೆ. ಇಟಲಿಯ ಉತ್ತರದ ಅಂಚಿನಲ್ಲಿ, ಆಲ್ಪ್ಸ್ ಪರ್ವತಗಳ ನಡುವಣ ಕಣಿವೆಯಲ್ಲಿದೆ ಆ ಊರು. ಇಟಾಲಿಯನ್ ಮಾತಿನವರಿಗೆ ಅದು ಬೋಲ್ಜಾನೊ, ಜರ್ಮನ್ ಮಾತಿನವರಿಗೆ ಬೋಟ್ಸೆನ್. ರೈಲು ನಿಲ್ದಾಣದ ಹಲಗೆಯ ಮೇಲೆ ಎರಡು ಹೆಸರುಗಳೂ ಇವೆ. ಇಳಿದ ದಿನ ಅದನ್ನು ನಾನು ಪ್ರವಾಸಿಗೆ ತೋರಿದ ಸೌಜನ್ಯವೆಂದುಕೊಂಡೆ. ಆ ಎರಡನೆಯ ಹೆಸರಿಗೆ ತೆತ್ತ ಬೆಲೆ ಎಷ್ಟೆಂಬುದು ಹೊರಡುವ ಹೊತ್ತಿಗೆ ತಿಳಿದಿತ್ತು.

ಹಳೆಯ ಪೇಟೆ ಬಲು ಸೊಗಸು. ಕಮಾನು ಸಾಲಿನ ಬೀದಿಯಲ್ಲಿ ಮಳೆಗೆ ನೆನೆಯದೆ, ಬಿಸಿಲಿಗೆ ಬಾಡದೆ ನಡೆಯಬಹುದು. ಉತ್ತರದ ಮತ್ತು ದಕ್ಷಿಣದ ವರ್ತಕರು ಕೂಡುತ್ತಿದ್ದ ಸಂತೆಯೂರು ಇದು. 1786ರಲ್ಲಿ ಇಟಲಿಗೆ ಹೊರಟ ಗಯಟೆ ಮಹಾಕವಿಯೂ ಈ ದಾರಿಯಾಗಿಯೇ ಹೋದನು. ಪೇಟೆಯ ನಡುವೆ ವಾಲ್ಟರ್ ಚೌಕ. ಅಲ್ಲಿ ಅಮೃತಶಿಲೆಯಲ್ಲಿ ನಿಂತಿರುವವನು ಮಧ್ಯಯುಗದ ಜರ್ಮನ್ ಭಾವಗೀತಕಾರ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆ. ಅವನ ಹುಟ್ಟೂರು ಯಾವುದೆಂದು ವಿದ್ವಾಂಸರು ಇಂದಿಗೂ ಒಪ್ಪಿಲ್ಲ. ಆದರೂ 1889ರಲ್ಲಿ, ಈ ನಾಡು ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದಾಗ, ಇವನು ನಮ್ಮವನೆಂದು ಊರವರು ವಿಗ್ರಹವನ್ನು ನಿಲ್ಲಿಸಿದರು. ದಕ್ಷಿಣಕ್ಕೆ ಸುಮಾರು ಅರವತ್ತು ಕಿಲೋಮೀಟರು ದೂರದ ಟ್ರೆಂಟೊ ನಗರವೂ ಆಗ ಆಸ್ಟ್ರಿಯಾದ್ದೇ. ಜನರ ಮಾತು ಮಾತ್ರ ಇಟಾಲಿಯನ್. ಅವರು 1896ರಲ್ಲಿ ದಾಂತೆಯನ್ನು ನಿಲ್ಲಿಸಿ, ಅವನ ಕೈಯನ್ನು ಉತ್ತರಕ್ಕೆ ಚಾಚಿಸಿದರು. ಪ್ರೇಮವನ್ನು ಹಾಡಿದ ಕವಿಯೊಬ್ಬ, ಮೂರು ಲೋಕಗಳನ್ನು ಸುತ್ತಿಬಂದ ಕವಿಯೊಬ್ಬ, ಪಾಪ, ಇಬ್ಬರೂ ಗಡಿ ಕಾಯುವ ಕೆಲಸಕ್ಕೆ ನೇಮಕಗೊಂಡರು.

ಮೊದಲನೆಯ ಮಹಾಯುದ್ಧ ಮುಗಿದು, 1919ರ ಸಂಧಿಯಂತೆ ದಕ್ಷಿಣ ಟಿರೋಲ್ ಇಟಲಿಗೆ ಸಂದಿತು. 1922ರ ಅಕ್ಟೋಬರಿನಲ್ಲಿ, ರೋಮಿನ ಮೇಲೆ ನಡೆಯುವುದಕ್ಕೆ ಕೆಲವು ವಾರ ಮುನ್ನವೇ, ಫ್ಯಾಸಿಸ್ಟರು ಈ ಊರಿನ ಮೇಲೆ ನಡೆದುಬಂದರು. ಮರುವರ್ಷದಿಂದ ಜರ್ಮನ್ ಭಾಷೆ ಶಾಲೆಗಳಿಂದ ಕಾಲು ತೆಗೆಯಿತು. ಎತ್ತೋರೆ ತೊಲೊಮೇಯಿ ಎಂಬಾತ ಹಳ್ಳಿ, ಹೊಳೆ, ಶಿಖರಗಳಿಗೆಲ್ಲ ಇಟಾಲಿಯನ್ ಹೆಸರುಗಳ ಪಟ್ಟಿಯನ್ನೇ ಮಾಡಿಟ್ಟಿದ್ದನು. ಗೋರಿಗಲ್ಲಿನ ಮೇಲೂ ಜರ್ಮನ್ ಬರೆಯಬಾರದೆಂದಾಯಿತು. ಹೆಸರು ಬದಲಾದ ಬೆಟ್ಟ ಅಲ್ಲಿಯೇ ಇರುತ್ತದೆ; ತಾಯಿಮಾತಿನಲ್ಲಿ ಅಕ್ಷರ ತಿದ್ದದ ಮಗು ಎಲ್ಲಿಗೆ ಸೇರಬೇಕು? ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಯ ಪ್ರೇರಣೆಯಿಂದ ಅಡುಗೆಮನೆಗಳಲ್ಲಿ, ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಪ್ತಶಾಲೆಗಳು ನಡೆದವು. ಕಲಿಸುತ್ತಿದ್ದವರಲ್ಲಿ ಹೆಚ್ಚಿನವರು ಹದಿಹರೆಯ ದಾಟಿದ ಹೆಣ್ಣುಮಕ್ಕಳು. ಅವರಲ್ಲೊಬ್ಬಳಾದ ಆಂಜೆಲಾ ನಿಕೊಲೆಟ್ಟಿ ಸೆರೆವಾಸವನ್ನು ಅನುಭವಿಸಿ, 1930ರಲ್ಲಿ ಕ್ಷಯದಿಂದ ತೀರಿಕೊಂಡಳು. ಆಗ ಅವಳ ವಯಸ್ಸು ಇಪ್ಪತ್ತೈದು.

ತಾಲ್ವೆರಾ ಹೊಳೆಯ ಸೇತುವೆ ದಾಟಿದರೆ ಬೇರೊಂದೇ ಊರು: ಅಗಲವಾದ ಬೀದಿಗಳು, ಒಂದೇ ಅಳತೆಯ ಕಟ್ಟಡಗಳು. ಸೇತುವೆಯ ಆಚೆಗೇ ಪಿಯಚೆಂತೀನಿ ಎಂಬ ವಾಸ್ತುಶಿಲ್ಪಿ ರಚಿಸಿದ, 1928ರಲ್ಲಿ ಉದ್ಘಾಟನೆಗೊಂಡ ವಿಜಯಸ್ಮಾರಕ. ಭಾಷೆ, ಕಾನೂನು, ಕಲೆಗಳನ್ನು ಇತರರಿಗೆ ಕಲಿಸಿದವರು ನಾವೆಂದು ಅದರ ಮೇಲೆ ಲ್ಯಾಟಿನ್ನಿನಲ್ಲಿ ಕೊರೆದಿದೆ. 1935ರಲ್ಲಿ ವಾಲ್ಟರ್ ಕವಿಯನ್ನು ಒಂದು ಉದ್ಯಾನದ ಮೂಲೆಗೆ ಸಾಗಿಸಿದರು. ಅದೇ ಕಾಲಕ್ಕೆ ಊರ ದಕ್ಷಿಣಕ್ಕೆ ಕಾರ್ಖಾನೆಗಳು ಎದ್ದು, ಇಟಲಿಯ ಬೇರೆ ಭಾಗಗಳಿಂದ ಕೂಲಿಕಾರರು ಬಂದರು. ಅವರೂ ಹೊಟ್ಟೆಪಾಡಿಗೆ ಬಂದ ಬಡವರೇ ಎಂಬುದನ್ನು ಮರೆಯಲಾಗದು.

ಎಲ್ಲಕ್ಕಿಂತ ಕ್ರೂರವಾದದ್ದು 1939. ಹಿಟ್ಲರ್ ಮತ್ತು ಮುಸೊಲಿನಿ ಕೂಡಿ ಜನರ ಮುಂದೊಂದು ಆಯ್ಕೆಯನ್ನಿಟ್ಟರು: ಭಾಷೆ ಬೇಕಾದರೆ ನೆಲ ಬಿಟ್ಟು ಜರ್ಮನಿಗೆ ಹೋಗಿ, ನೆಲ ಬೇಕಾದರೆ ಇಟಾಲಿಯನ್ನರಾಗಿ ಉಳಿಯಿರಿ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹೋಗುತ್ತೇವೆಂದು ಬರೆದುಕೊಟ್ಟರು. ಹೋದವರು ದೇಶದ್ರೋಹಿಗಳು ಎಂದರು ಉಳಿದವರು; ಉಳಿದವರು ಕುಲದ್ರೋಹಿಗಳು ಎಂದರು ಹೋದವರು. ಯುದ್ಧದ ನಡುವೆ ಸುಮಾರು 75,000 ಮಂದಿ ಮಾತ್ರ ನಿಜವಾಗಿ ಹೊರಟರು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಬಿದ್ದ ಬಿರುಕು ಮಾತ್ರ ಯುದ್ಧದೊಡನೆ ಮುಗಿಯಲಿಲ್ಲ.

1946ರಲ್ಲಿ ಪ್ಯಾರಿಸ್ಸಿನಲ್ಲಿ ಇಟಲಿಯ ದೆ ಗಾಸ್ಪೆರಿ ಮತ್ತು ಆಸ್ಟ್ರಿಯಾದ ಗ್ರೂಬರ್ ಒಪ್ಪಂದಕ್ಕೆ ಸಹಿ ಹಾಕಿದರು. ಕಾಗದದ ಮಾತು ಕಾಗದದಲ್ಲೇ ಉಳಿಯಿತೆಂಬ ಸಿಟ್ಟು ಬೆಳೆದು, 1961ರ ಜೂನ್ ತಿಂಗಳ ಒಂದು ರಾತ್ರಿ ಹತ್ತಾರು ವಿದ್ಯುತ್ ಕಂಬಗಳು ಸಿಡಿದವು; ಮುಂದಿನ ವರ್ಷಗಳಲ್ಲಿ ಜೀವಗಳೂ ಹೋದವು. ಕೊನೆಗೆ 1972ರ ಎರಡನೆಯ ಸ್ವಾಯತ್ತತಾ ಶಾಸನ ಶಾಲೆ, ಕಚೇರಿ, ನೌಕರಿಗಳಲ್ಲಿ ಎರಡೂ ಭಾಷೆಗಳಿಗೆ ಸ್ಥಾನವನ್ನು ಗಟ್ಟಿಮಾಡಿತು. 1981ರಲ್ಲಿ ವಾಲ್ಟರ್ ಚೌಕಕ್ಕೆ ಮರಳಿದನು.

ಒಂದು ಮಧ್ಯಾಹ್ನ ತೂಗುಬಂಡಿಯಲ್ಲಿ ರಿಟ್ಟೆನ್ ಪ್ರಸ್ಥಭೂಮಿಗೆ ಏರಿದೆ. ಕೆಳಗೆ ದ್ರಾಕ್ಷಿತೋಟಗಳು ಜಾರಿ ಹೋಗುತ್ತಿದ್ದಂತೆ ಡೊಲೊಮೈಟ್ ಶಿಖರಗಳು ಎದುರು ನಿಂತವು. ಅವುಗಳಲ್ಲೊಂದಕ್ಕೆ ಜರ್ಮನ್ನರು ಗುಲಾಬಿತೋಟವೆಂದು ಹೆಸರಿಟ್ಟಿದ್ದಾರೆ. ಇಟಾಲಿಯನ್ನರ ಹೆಸರು ಕಾತಿನಾಚ್ಚೊ. ಸಂಜೆ ಆ ಬಂಡೆಗಳು ಕೆಂಪೇರಿದವು. ಲೌರಿನ್ ಎಂಬ ಕುಬ್ಜರಾಜ ತನ್ನ ಗುಲಾಬಿತೋಟ ಹಗಲಲ್ಲೂ ಕಾಣದಿರಲಿ, ಇರುಳಲ್ಲೂ ಕಾಣದಿರಲಿ ಎಂದು ಶಪಿಸಿದನಂತೆ, ಮುಸ್ಸಂಜೆಯನ್ನು ಮರೆತನಂತೆ. ಈ ಕೆಂಪಿಗೆ ‘ಎನ್ರೊಸಾದಿರಾ’ ಎಂಬ ಚೆಲುವಾದ ಹೆಸರಿದೆ. ಅದು ಎರಡು ದೊಡ್ಡ ಭಾಷೆಗಳ ನಡುವೆ ಬೆಟ್ಟದ ಕಣಿವೆಗಳಲ್ಲಿ ಉಳಿದುಕೊಂಡಿರುವ ಲದೀನ್ ಎಂಬ ಮೂರನೆಯ ಭಾಷೆಯ ಮಾತು. ಜಗಳದ ಗದ್ದಲದಲ್ಲಿ ನಾನೂ ಅದನ್ನು ಮರೆತೇಬಿಟ್ಟಿದ್ದೆ.

2011ರ ಗಣತಿಯಂತೆ ಪ್ರಾಂತ್ಯದಲ್ಲಿ ನೂರಕ್ಕೆ ಸುಮಾರು 69 ಮಂದಿ ಜರ್ಮನ್ ಮಾತಿನವರು. ಊರೊಳಗೆ ನೂರಕ್ಕೆ ಸುಮಾರು 74 ಮಂದಿ ಇಟಾಲಿಯನ್ ಮಾತಿನವರು. ಗೆರೆಯನ್ನು ಊರ ಸುತ್ತ ಎಳೆದರೆ ಇವರು ಅಲ್ಪಸಂಖ್ಯಾತರು, ನಾಡಿನ ಸುತ್ತ ಎಳೆದರೆ ಅವರು, ದೇಶದ ಸುತ್ತ ಎಳೆದರೆ ಮತ್ತೆ ಇವರು. ಇಬ್ಬರ ಅಂಜಿಕೆಯೂ ನಿಜವೇ. ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಲ್ಲೇ ಕಲಿಯುತ್ತಾರೆ. ಸ್ಮಾರಕದ ಮುಂದಣ ಚೌಕಕ್ಕೆ ಶಾಂತಿಯ ಹೆಸರನ್ನಿಟ್ಟಾಗ, 2002ರ ಜನಮತದಲ್ಲಿ ವಿಜಯದ ಹೆಸರೇ ಗೆದ್ದಿತು.

ಆದರೆ ಸ್ಮಾರಕವನ್ನು ಯಾರೂ ಒಡೆಯಲಿಲ್ಲ. 2014ರಲ್ಲಿ ಅದರ ನೆಲಮಾಳಿಗೆಯಲ್ಲೇ, ಅದು ಏಕೆ ಕಟ್ಟಲ್ಪಟ್ಟಿತು, ಆಗ ಏನೇನು ನಡೆಯಿತು ಎಂಬ ಪ್ರದರ್ಶನವನ್ನು ತೆರೆದರು. ಇನ್ನೊಂದು ಸರ್ಕಾರಿ ಕಟ್ಟಡದ ಮೇಲೆ ಕುದುರೆಯೇರಿದ ಮುಸೊಲಿನಿಯ ಬೃಹತ್ ಉಬ್ಬುಶಿಲ್ಪವಿದೆ; ನಂಬು, ಪಾಲಿಸು, ಹೋರಾಡು ಎಂಬುದು ಅದರ ಉಪದೇಶ. 2017ರಿಂದ ಅದರ ಮೇಲೆ ಹಾನ್ನಾ ಅರೆಂಟ್ ಅವರ ಮಾತೊಂದು ಬೆಳಕಿನ ಅಕ್ಷರಗಳಲ್ಲಿ ಉರಿಯುತ್ತಿದೆ: ಅಪ್ಪಣೆ ಪಾಲಿಸಿದೆನೆಂದು ಹೊಣೆ ಜಾರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ತಾತ್ಪರ್ಯ. ಅದನ್ನು ಜರ್ಮನ್, ಇಟಾಲಿಯನ್, ಲದೀನ್ ಮೂರರಲ್ಲೂ ಬರೆದಿದ್ದಾರೆ. ಹೊರಡುವ ಹಿಂದಿನ ರಾತ್ರಿ ಆ ಕಟ್ಟಡದ ಎದುರು ಬಹಳ ಹೊತ್ತು ನಿಂತಿದ್ದೆ. ಮೂರು ಭಾಷೆಗಳಲ್ಲಿ ಯಾವುದೂ ನನ್ನದಲ್ಲ. ಬರೆದದ್ದು ಮಾತ್ರ ನನಗೂ ಸೇರಿ ಎಂದು ತೋರಿತು.