ಅಧಿಕ ಅಳತೆ ಮತ್ತು ಅಧಿಕ ಭಾರದ ಸರಕು ಸಾಗಣೆ: ಬೆಂಗಳೂರು ಉತ್ತರ ಭಾಗದ ಅರ್ಜಿದಾರರಿಗೆ ಮಾಹಿತಿ

ಯಶವಂತಪುರ (ಕೆಎ-04) ಕಚೇರಿಯಲ್ಲಿ ನೋಂದಣಿಯಾದ ಲಾರಿಗೆ ಒಂದು ತೂಕದ ಮಿತಿ, ಯಲಹಂಕ (ಕೆಎ-50) ಕಚೇರಿಯ ಲಾರಿಗೆ ಮತ್ತೊಂದು ಎಂಬ ಭಾವನೆ ಕೆಲವು ಮಾಲೀಕರಲ್ಲಿದೆ. ಇದು ಸರಿಯಲ್ಲ. ಮಿತಿಗಳನ್ನು ಮೋಟಾರು ವಾಹನ ಕಾಯ್ದೆ, 1988 ಹಾಗೂ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಅನ್ವಯ ಕೇಂದ್ರ ಸರ್ಕಾರವು ಇಡೀ ದೇಶಕ್ಕೆ ನಿಗದಿಪಡಿಸಿದೆ. 2018ರಲ್ಲಿ ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ, ಜೋಡಿ ಆಕ್ಸಲ್‌ನದನ್ನು 19ರಿಂದ 21 ಟನ್‌ಗೆ ಏರಿಸಲಾಯಿತು. ಆದರೂ ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರುವಂತಿಲ್ಲ. ಹಳೆಯ ಲಾರಿಗಳ ಮಾಲೀಕರು ಇದನ್ನು ಮೊದಲು ಪರಿಶೀಲಿಸಿಕೊಳ್ಳುವುದು ಒಳಿತು.

ಮರಳು, ಜಲ್ಲಿ, ಸಿಮೆಂಟ್, ಕಬ್ಬಿಣದ ಸರಳುಗಳಂತಹ ಬಿಡಿಸಿ ಸಾಗಿಸಬಹುದಾದ ಸರಕಿಗೆ ಅಧಿಕ ಭಾರದ ಅನುಮತಿ ದೊರೆಯುವುದಿಲ್ಲ. ವಿದ್ಯುತ್ ಪರಿವರ್ತಕ, ಬಾಯ್ಲರ್ ಮುಂತಾದ ಬಿಡಿಸಲಾಗದ ಸರಕಿಗೆ ಮಾತ್ರ ವಿಶೇಷ ಅನುಮತಿಯನ್ನು ಪರಿಗಣಿಸಲಾಗುತ್ತದೆ. ರಾಷ್ಟ್ರೀಯ ರಹದಾರಿ ಇದ್ದ ಮಾತ್ರಕ್ಕೆ ಈ ಅನುಮತಿ ಇದೆಯೆಂದು ಅರ್ಥವಲ್ಲ. ದಂಡ ಕಟ್ಟಿದ ರಸೀದಿಯೂ ಅನುಮತಿಯಲ್ಲ. ಕೆಲವು ರಾಜ್ಯಗಳು ಮುಂಗಡ ಶುಲ್ಕ ಪಡೆದು ಅಧಿಕ ಭಾರದೊಂದಿಗೆ ವಾಹನಗಳನ್ನು ಮುಂದೆ ಬಿಡುತ್ತಿದ್ದ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2005ರ ನವೆಂಬರ್ 9ರಂದು ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಅಸಿಂಧುವೆಂದು ತೀರ್ಮಾನಿಸಿದೆ.

ಅನುಮತಿ ನೀಡುವ ಪ್ರಾಧಿಕಾರ ಮಾತ್ರ ರಸ್ತೆಯನ್ನು ಅವಲಂಬಿಸಿ ಬದಲಾಗುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ. ಉದಾಹರಣೆಗೆ, ಪೀಣ್ಯದಿಂದ ಯಲಹಂಕಕ್ಕೆ ಹೋಗಬೇಕಾದ ಪರಿವರ್ತಕವೊಂದು ತುಮಕೂರು ರಸ್ತೆ (ರಾ.ಹೆ. 48), ನಗರದ ರಸ್ತೆಗಳು ಹಾಗೂ ಹೆಬ್ಬಾಳದಿಂದ ಮುಂದೆ ಬಳ್ಳಾರಿ ರಸ್ತೆ (ರಾ.ಹೆ. 44) ಹೀಗೆ ಮೂರು ಭಾಗಗಳನ್ನು ಕ್ರಮಿಸುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಅಂತರ್ಜಾಲ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಬೇಕು. ನಗರದೊಳಗೆ ಭಾರಿ ವಾಹನಗಳ ಸಂಚಾರದ ವೇಳೆಯನ್ನು ಸಂಚಾರ ಪೊಲೀಸರು ನಿಯಂತ್ರಿಸುತ್ತಾರೆ; ಆರ್.ಟಿ. ನಗರದಂತಹ ವಸತಿ ಪ್ರದೇಶಗಳ ಮೂಲಕ ಹಾದುಹೋಗುವ ಮಾರ್ಗವನ್ನು ಸೂಚಿಸದಿರುವುದು ಸೂಕ್ತ. ಸರಕು ನಗರದೊಳಗೆ ಬರುವ ಅಗತ್ಯವೇ ಇಲ್ಲದಿದ್ದರೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆಯನ್ನು ಪರಿಗಣಿಸಬಹುದು.

ಮಾರ್ಗದಲ್ಲಿನ ಸೇತುವೆಗಳ ಸ್ಥಿತಿಯನ್ನು ಕೇಳುವುದು ಕೇವಲ ಔಪಚಾರಿಕತೆಗಾಗಿ ಅಲ್ಲ. ಪೀಣ್ಯ ಮೇಲ್ಸೇತುವೆಯ 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದು 2021ರ ಡಿಸೆಂಬರ್‌ನಲ್ಲಿ ಸಂಚಾರವನ್ನು ನಿಲ್ಲಿಸಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ದೊರೆತರೂ ಭಾರಿ ವಾಹನಗಳು 2024ರ ಜುಲೈ ಅಂತ್ಯದವರೆಗೆ ಕೆಳಗಿನ ರಸ್ತೆಯನ್ನೇ ಬಳಸಬೇಕಾಯಿತು. ಆದ್ದರಿಂದ ಹಿಂದೊಮ್ಮೆ ಅನುಮತಿ ದೊರೆತ ಮಾರ್ಗವನ್ನೇ ಮತ್ತೆ ನಮೂದಿಸುವ ಮುನ್ನ ಸದ್ಯದ ನಿರ್ಬಂಧಗಳನ್ನು ವಿಚಾರಿಸತಕ್ಕದ್ದು.

ಅರ್ಜಿಯಲ್ಲಿ ಸರಕು ಸಹಿತ ಒಟ್ಟು ಉದ್ದ, ಅಗಲ, ಎತ್ತರ, ಪ್ರತಿ ಆಕ್ಸಲ್‌ನ ಭಾರ ಮತ್ತು ಪೂರ್ಣ ಮಾರ್ಗವನ್ನು ನಿಖರವಾಗಿ ತಿಳಿಸಬೇಕು. ವಾಹನದ ಅಗಲದ ಸಾಮಾನ್ಯ ಮಿತಿ 2.6 ಮೀಟರ್. ಅನುಮತಿಯಿಲ್ಲದೆ ಸರಕು ಹೊರಚಾಚಿದ್ದಲ್ಲಿ 2019ರ ತಿದ್ದುಪಡಿಯಾದ 194ನೇ ಪ್ರಕರಣದಂತೆ ರೂ. 20,000 ದಂಡ, ಅಧಿಕ ಭಾರವಿದ್ದಲ್ಲಿ ಇದರೊಂದಿಗೆ ಪ್ರತಿ ಹೆಚ್ಚುವರಿ ಟನ್‌ಗೆ ರೂ. 2,000. ಹೆಚ್ಚುವರಿ ಸರಕನ್ನು ಇಳಿಸುವವರೆಗೆ ವಾಹನವನ್ನು ಮುಂದೆ ಬಿಡಲಾಗುವುದಿಲ್ಲ, ಇಳಿಸುವ ವೆಚ್ಚವನ್ನೂ ತಪ್ಪಿತಸ್ಥರೇ ಭರಿಸಬೇಕು.