ಗುಬ್ಬಿಗೆ ಬಂದ ಪಾದ್ರಿಗಳು ಮತ್ತು ಕನ್ನಡ ನುಡಿ

ಪರದೇಶದಿಂದ ಬಂದ ಮತವೊಂದು ತನ್ನ ಮಾತನ್ನು ಈ ನಾಡಿನ ಜನರ ಎದೆಗೆ ಮುಟ್ಟಿಸಬೇಕಾದರೆ ಮೊದಲು ಮಾಡಬೇಕಾದ ಕೆಲಸವೇನು? ನಾನಿರುವ ಅಂತರಸನಹಳ್ಳಿಗೆ ಸಮೀಪದ ಗುಬ್ಬಿಯ ಚರಿತ್ರೆಯಲ್ಲಿಯೇ ಈ ಪ್ರಶ್ನೆಗೆ ತಕ್ಕಮಟ್ಟಿನ ಉತ್ತರ ದೊರೆಯುತ್ತದೆ.

1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದರು. 1839ರಲ್ಲಿ ಹೊರಟು ಅಲ್ಲಿಗೆ ಬಂದ ತರುಣ ವಿಲಿಯಂ ಆರ್ಥರ್ ಕಣ್ಣಿನ ಬೇನೆಯಿಂದ 1841ರಲ್ಲಿಯೇ ಹಿಂದಿರುಗಬೇಕಾಯಿತು. ಆದರೂ ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಹಾಡ್ಸನ್ನರು 1859ರಲ್ಲಿ ಕನ್ನಡ ವ್ಯಾಕರಣವನ್ನೇ ಬರೆದರು. ಬೋಧಿಸಬಂದವರು ಮೊದಲು ಕಲಿಯಬೇಕಾಯಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಗುಬ್ಬಿಯೇನೂ ಬರಿದಾದ ನೆಲವಾಗಿರಲಿಲ್ಲ. ಅದು ವೀರಶೈವದ ಬೀಡು, ಮಲ್ಲಣಾರ್ಯನ ಊರು. ಆ ಕವಿ 1513ರಲ್ಲಿ ರಚಿಸಿದ 'ಭಾವಚಿಂತಾರತ್ನ'ದಲ್ಲಿ ತಮಿಳು ಶೈವರ ಕಥೆಯೊಂದನ್ನು ಕನ್ನಡ ಷಟ್ಪದಿಗೆ ಇಳಿಸಿದ್ದನು. ಒಂದು ನುಡಿಯ ಭಕ್ತಿಯನ್ನು ಇನ್ನೊಂದು ನುಡಿಯವರು ತಮ್ಮದೇ ಎನ್ನುವಂತೆ ಮಾಡುವ ವಿದ್ಯೆ, ಪಾದ್ರಿಗಳು ಬರುವ ಮೂರು ಶತಮಾನಗಳ ಮೊದಲೇ ಈ ಊರಿಗೆ ಗೊತ್ತಿತ್ತು.

ಕಷ್ಟವಿದ್ದುದು ಶಬ್ದಗಳಲ್ಲಿ. ಬೈಬಲ್ಲು 'ಸತ್ಯವೇದ'ವಾಯಿತು, ಅವರ ಸಂಸ್ಕಾರ 'ದೀಕ್ಷಾಸ್ನಾನ'ವಾಯಿತು. ಆದರೆ ಪದವೆಂಬುದು ಒಂಟಿಯಾಗಿ ಬರುವುದಿಲ್ಲ, ನಂಟರಿಷ್ಟರೊಡನೆ ಬರುತ್ತದೆ. ದೀಕ್ಷೆಯೆಂದೊಡನೆ ಗುಬ್ಬಿಯವನ ಮನಸ್ಸಿಗೆ ಗುರು, ಲಿಂಗ, ಮಂತ್ರಗಳು ಹೊಳೆಯುತ್ತವೆ. ಮನುಷ್ಯನು ಮತ್ತೆ ಹುಟ್ಟಬೇಕೆಂಬುದು ಕ್ರೈಸ್ತರಿಗೆ ಶುಭವಾರ್ತೆ. ಭವದ ಬಂಧನ ಎಂದು ಬಿಟ್ಟೀತೆಂದು ಹಂಬಲಿಸುವವನಿಗೆ ಅದು ಶಾಪದಂತೆ ಕೇಳಿಸೀತು! ಹಾಗೆಂದು ಪರಿಚಿತ ಪದಗಳನ್ನೆಲ್ಲ ಬಿಟ್ಟರೆ ಮಾತು ಯಾರಿಗೂ ಹತ್ತುವುದಿಲ್ಲ. ಇದು ಕತ್ತಿಯಂಚಿನ ನಡಿಗೆ.

ಈ ಮರ್ಮವನ್ನು ಚೆನ್ನಾಗಿ ಅರಿತವರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಂದ ಅವರು 1862ರಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹೆಣೆದರು. ಮಲ್ಲಣಾರ್ಯನು ಹಿಡಿದ ಹಾದಿಯೇ ಅದು. ಮುಂದೆ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ, 1894ರಲ್ಲಿ ಮಹಾನಿಘಂಟನ್ನು ನಾಡಿಗೆ ಕೊಟ್ಟರು. ಮತಬೋಧನೆಗೆಂದು ತೊಡಗಿದ ಕಲಿಕೆ ಆ ಗುರಿಯನ್ನು ದಾಟಿ ಬೆಳೆಯಿತು.

ಎಲ್ಲ ಪಾದ್ರಿಗಳೂ ಹೀಗಿದ್ದರೆಂದಲ್ಲ. ಸಂತೆಯಲ್ಲಿ ನಿಂತು ಜನರ ದೇವರನ್ನು ಹಳಿದವರೂ ಇದ್ದರು. ಮನೆಗೆ ಬಂದ ಅತಿಥಿ ಮನೆದೇವರನ್ನು ಜರೆದರೆ ಅವನ ಮಾತಿಗೆ ಕಿವಿಗೊಡುವವರಾರು? ಇತ್ತ, ಅವರ ಉದ್ದೇಶ ಮತಪ್ರಚಾರವಾಗಿತ್ತೆಂಬ ಒಂದೇ ಕಾರಣಕ್ಕೆ ಅವರ ದುಡಿಮೆಯನ್ನು ಅಲ್ಲಗಳೆಯುವವರೂ ನಮ್ಮಲ್ಲುಂಟು. ಅವರೂ ನಿತ್ಯ ತಿರುವಿಹಾಕುವುದು ಕಿಟೆಲ್ ನಿಘಂಟನ್ನೇ.

ಕನ್ನಡದ ಅಧ್ಯಾಪಕನಾಗಿ ನನಗೆ ತೋರುವುದಿಷ್ಟು. ಕೇಳುವವನ ನುಡಿಯನ್ನು ಗೌರವಿಸದೆ ಅವನಿಗೆ ಏನನ್ನೂ ಹೇಳಲಾಗದು. ನಿಜವಾಗಿ ಗೌರವಿಸಿದವನು ತಾನೂ ಮೊದಲಿನಂತೆ ಉಳಿಯಲಾರ. ಗುಬ್ಬಿಯ ವೆಸ್ಲಿಯನ್ನರ ಪರಂಪರೆ 1947ರಲ್ಲಿ ದಕ್ಷಿಣ ಭಾರತ ಸಭೆಯೊಡನೆ ಕೂಡಿಕೊಂಡಿತು. ಆ ಸಭೆಯ ಕನ್ನಡಿಗರ ಪ್ರಾರ್ಥನೆ ಇಂದಿಗೂ ನಡೆಯುವುದು ನಮ್ಮ ನಿಮ್ಮ ಕನ್ನಡದಲ್ಲಿಯೇ.