ಶಾಲೆಯಿಂದ ದುಡಿಮೆಗೆ: ಕಾರವಾರ–ಅಂಕೋಲೆಯ ಅನುಭವ

ಶಿಕ್ಷಣದ ಚರಿತ್ರೆಯನ್ನು ಬರೆಯುವಾಗ ಶಾಲೆಗಳ ಸ್ಥಾಪನೆಗೆ ದೊರೆತಷ್ಟು ಗಮನ, ಶಾಲೆ ಮುಗಿಸಿದ ಮಕ್ಕಳು ಮುಂದೆ ಯಾವ ದುಡಿಮೆಗೆ ಹೋದರು ಎಂಬ ಪ್ರಶ್ನೆಗೆ ದೊರೆತಿಲ್ಲ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಯನ್ನು ಎತ್ತುವುದೇ ಪ್ರಸ್ತುತ ಲೇಖನದ ಉದ್ದೇಶ.

1862ರಲ್ಲಿ ಉತ್ತರ ಕನ್ನಡವು ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಜಿಲ್ಲಾ ಕೇಂದ್ರವಾದ ಕಾರವಾರದ ಕಚೇರಿ, ನ್ಯಾಯಾಲಯ, ಬಂದರುಗಳಿಗೆ ಓದುಬರಹ ಬಲ್ಲವರು ಬೇಕಾಗಿದ್ದರು. ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಮಾಸ್ತರಿಕೆಯೋ ಕಚೇರಿಯ ಸಣ್ಣ ನೌಕರಿಯೋ ದೊರೆಯಬಹುದಿತ್ತು. ಕಾಲೇಜು ಓದಬೇಕೆಂದವರು ಮುಂಬಯಿ, ಪುಣೆಗಳಿಗೆ ಹೋಗಬೇಕಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಹಾಲಕ್ಕಿ ಒಕ್ಕಲಿಗ, ಹರಿಕಂತ್ರ, ಖಾರ್ವಿ ಮೊದಲಾದ ಸಮುದಾಯಗಳ ಹೆಚ್ಚಿನ ಮಕ್ಕಳಿಗಂತೂ ಮುಲ್ಕಿಯೇ ಎಟುಕದ ಮಾತಾಗಿತ್ತು. ಗದ್ದೆಯ ಕೆಲಸವನ್ನೂ ಬಲೆಯ ಕೆಲಸವನ್ನೂ ಅವರು ಹಿರಿಯರ ಜೊತೆಗಿದ್ದೇ ಕಲಿತರು.

ಈ ಅಂತರವನ್ನು ಕಂಡವರಲ್ಲಿ ಪ್ರಮುಖರು ಅಂಕೋಲಾ ತಾಲ್ಲೂಕಿನ ಅಲಗೇರಿಯವರಾದ ದಿನಕರ ದೇಸಾಯಿ (1909–1982). ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ಹಡಗು ಕಾರ್ಮಿಕರನ್ನು ಸಂಘಟಿಸಿದ ಅವರು, ಭಾರತದ ಪ್ರಾಥಮಿಕ ಶಿಕ್ಷಣದ ಬಗೆಗೂ ನಾವಿಕ ಕಾರ್ಮಿಕರ ಬಗೆಗೂ ಇಂಗ್ಲಿಷಿನಲ್ಲಿ ಪ್ರತ್ಯೇಕ ಗ್ರಂಥಗಳನ್ನು ಬರೆದರು. ಶಾಲೆ ಮತ್ತು ದುಡಿಮೆ ಅವರ ಚಿಂತನೆಯಲ್ಲಿ ಬೇರೆ ಬೇರೆಯಾಗಿರಲಿಲ್ಲ. ರೈತ ಚಳವಳಿಯ ಕಾರಣಕ್ಕೆ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅದರ ಪ್ರೌಢಶಾಲೆಗಳು ಹಳ್ಳಿಗಳನ್ನು ತಲುಪಿದವು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜು ಆರಂಭವಾಯಿತು. ಮನೆಯಿಂದ ದೂರ ಕಳುಹಿಸಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳಿಗೂ ಪದವಿಯ ದಾರಿ ತೆರೆಯಿತು. ಆದರೆ ಪದವಿ ಊರಿಗೆ ಬಂದಷ್ಟು ಬೇಗ ಉದ್ಯೋಗ ಊರಿಗೆ ಬರಲಿಲ್ಲ. ಓದಿದವರು ಮುಂಬಯಿ, ಗೋವೆ, ಹುಬ್ಬಳ್ಳಿಗಳ ಕಡೆಗೆ ಸಾಗಿದರು.

ಮುಂದೆ ದೊಡ್ಡ ಉದ್ಯೋಗಕೇಂದ್ರಗಳು ಇಲ್ಲಿಗೇ ಬಂದವು. 2000ದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. 1986ರಲ್ಲಿ ಶಿಲಾನ್ಯಾಸಗೊಂಡ ಸೀಬರ್ಡ್ ಯೋಜನೆಯ ನೌಕಾನೆಲೆ 2005ರಲ್ಲಿ ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಎರಡೂ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಗದ್ದೆಯೂ ಮೀನುಗಾರಿಕೆಯ ದಂಡೆಯೂ ಹೋದಾಗ, ಶಾಲೆ ಬಿಟ್ಟವನಿಗೂ ಆಸರೆಯಾಗಿದ್ದ ಹಿರಿಯರ ಕಸುಬು ಇಲ್ಲವಾಯಿತು. ಮನೆಗೊಂದು ಉದ್ಯೋಗ ಬೇಕೆಂಬ ಬೇಡಿಕೆ ದಶಕಗಳ ಕಾಲ ಕೇಳಿಬಂದುದು ಈ ಹಿನ್ನೆಲೆಯಲ್ಲಿ.

ಇಲ್ಲಿ ಒಂದು ವಿಪರ್ಯಾಸವನ್ನು ಗುರುತಿಸಬೇಕು. ನೌಕಾನೆಲೆಯ ಹಡಗು ದುರಸ್ತಿ ಕೇಂದ್ರ ಶಿಶಿಕ್ಷುಗಳಿಂದ ಕೇಳಿದ್ದು ಕಲಾ ಪದವಿಯನ್ನಲ್ಲ. ಫಿಟ್ಟರ್, ವೆಲ್ಡರ್, ಇಲೆಕ್ಟ್ರಿಶಿಯನ್ ಮುಂತಾದ ಐ.ಟಿ.ಐ. ಪ್ರಮಾಣಪತ್ರವನ್ನು. ಎರಡು ತಲೆಮಾರುಗಳು ಶ್ರಮಪಟ್ಟು ಗಳಿಸಿದ ವಿದ್ಯೆ ಮನೆಬಾಗಿಲಿನ ಉದ್ಯೋಗಕ್ಕೆ ಸಲ್ಲದೆ ಹೋಯಿತು. ದೋಣಿ, ಅಲೆ, ಹವೆಗಳನ್ನು ಬಲ್ಲವನ ತಿಳಿವಳಿಕೆಗೆ ಪ್ರಮಾಣಪತ್ರವೇ ಇರಲಿಲ್ಲ.

ಇದನ್ನು ಶಾಲೆಗಳ ವೈಫಲ್ಯವೆನ್ನುವುದು ಸರಿಯಲ್ಲ. ಅವು ಇಲ್ಲದಿದ್ದರೆ ನಿರ್ವಸಿತರು ತಮ್ಮ ಹಕ್ಕಿನ ಅರ್ಜಿಯನ್ನು ತಾವೇ ಬರೆಯುವುದೂ ಕಷ್ಟವಾಗುತ್ತಿತ್ತು. ಕೊರತೆ ಇದ್ದುದು ಯೋಜನೆಯ ಕ್ರಮದಲ್ಲಿ. ಶಿಲಾನ್ಯಾಸಕ್ಕೂ ಕಾರ್ಯಾರಂಭಕ್ಕೂ ನಡುವೆ ಸುಮಾರು 19 ವರ್ಷಗಳಿದ್ದವು. ಶಿಲಾನ್ಯಾಸದ ವರ್ಷ ಹುಟ್ಟಿದ ಮಗು ಶಾಲೆ ಮುಗಿಸಿ ಒಂದು ಕಸುಬು ಕಲಿಯಲು ಅಷ್ಟು ಕಾಲ ಸಾಕು. ಭೂಸ್ವಾಧೀನದ ದಿನವೇ ಆ ಮಗುವಿನ ತರಬೇತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು ಎಂಬುದು ಈ ಚರಿತ್ರೆಯಿಂದ ತಿಳಿಯುವ ಪಾಠ.